ಪುಟ ಮೂವತ್ತೊಂದರ ಹೆಬ್ಬೆರಳು

ಮುಂದಿನ ಆಷಾಢಕ್ಕೆ ತಮೋನಾಶ್ ಗೊರಾಯಿಗೆ ನಲವತ್ತು ತುಂಬುತ್ತದೆ ಎಂಬುದು ಬೈದ್ಯಬಾಟಿಯ ಅವನ ಓಣಿಗೆಲ್ಲ ಗೊತ್ತಿತ್ತು. ಹೆಂಡತಿಗೆ ಗೊತ್ತಿತ್ತು, ತಾಯಿಗೆ ಗೊತ್ತಿತ್ತು, ಅದಿರಲಿ, ರೈಲ್ವೆ ಗೇಟಿನ ಪಕ್ಕದ ಚಹಾದಂಗಡಿಯ ನಿಮಾಯಿಗೂ ಗೊತ್ತಿತ್ತು. ನಲವತ್ತು ತುಂಬಿದ ಮೇಲೆ ಸರ್ಕಾರಿ ಕಾಲೇಜಿನ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವಂತಿಲ್ಲ. ಹದಿನೈದು ವರ್ಷದಿಂದ ಅವನು ಅರ್ಜಿ ಹಾಕುವುದನ್ನೂ ಸಂದರ್ಶನಕ್ಕೆ ಹೋಗುವುದನ್ನೂ ಮುಖ ಗಂಟಿಕ್ಕಿಕೊಂಡು ವಾಪಸು ಬರುವುದನ್ನೂ ನೋಡುತ್ತ ಬಂದ ಓಣಿ, ಈಗ ಪಂದ್ಯದ ಕೊನೆಯ ಓವರಿನ ಚೆಂಡು ಎಣಿಸುವ ಹಾಗೆ ಅವನ ತಿಂಗಳುಗಳನ್ನು ಎಣಿಸುತ್ತಿತ್ತು.

"ಪೊಲ್ಟು, ಚೈತ್ರದಲ್ಲಿ ಇಂಟರ್‌ವ್ಯೂ ಅಂತಲ್ಲಪ್ಪಾ?" ಎಂದು ನಿಮಾಯಿ ಮಣ್ಣಿನ ಲೋಟಕ್ಕೆ ಚಹಾ ಹುಯ್ಯುತ್ತ ಕೇಳಿದ. ಪೊಲ್ಟು ಅನ್ನುವುದು ಅವನನ್ನು ಹುಟ್ಟಿದಾಗಿನಿಂದ ಓಣಿ ಕರೆಯುತ್ತ ಬಂದ ಹೆಸರು. "ಇದೂ ಹೋದ್ರೆ ಮುಗೀತು, ಅಲ್ವಾ?"

"ಮುಗೀತು."

"ಅಷ್ಟೊಂದು ಲೆಕ್ಕ ಬರುತ್ತೆ ನಿಂಗೆ. ಒಂದು ನೌಕರಿ ಮಾತ್ರ ಬರ್ಲಿಲ್ಲ ನೋಡು."

ತಮೋನಾಶನಿಗೆ ಮೈಯೆಲ್ಲ ಉರಿಯಿತು. ನೌಕರಿಯ ಮಾತಿಗಿಂತ ಆ ಲೆಕ್ಕದ ಮಾತಿಗೆ ಹೆಚ್ಚು ಉರಿಯಿತು. ಗಣಿತದಲ್ಲಿ ಎಂಎಸ್ಸಿ ಎಂದರೆ ಜನ ಏನೋ ಭಾರಿ ಕೂಡಿ ಕಳೆಯುವ ಕೆಲಸ ಎಂದುಕೊಳ್ಳುತ್ತಾರೆ. ಆ ಎರಡು ವರ್ಷದಲ್ಲಿ ಅವನು ಹತ್ತಕ್ಕಿಂತ ದೊಡ್ಡ ಸಂಖ್ಯೆಯನ್ನು ಕಂಡದ್ದು ಪುಟದ ಮೂಲೆಯಲ್ಲಿ ಮಾತ್ರ. ಅದನ್ನು ನಿಮಾಯಿಗೆ ಹೇಳುವುದು ಹೇಗೆ, ಹೇಳಿದರೆ ಅವನು ಇನ್ನೇನು ಅಂದಾನು ಎಂದು ಯೋಚಿಸಿ, ಚಹಾ ಕುಡಿದು, ಎಲ್ಲರಂತೆ ಮಣ್ಣಿನ ಲೋಟ ಎಸೆದು ಒಡೆದು ಎದ್ದು ಬಂದ.

ಎಂಎಸ್ಸಿಯ ಮೊದಲ ದಿನ ವಿಭಾಗದ ಮುಖ್ಯಸ್ಥರು ಇಪ್ಪತ್ತೆಂಟು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಒಂದು ಭಾಷಣ ಬಿಗಿದಿದ್ದರು. ಗಣಿತ ಓದಿದವರಿಗೆ ಎಲ್ಲ ಬಾಗಿಲೂ ತೆರೆದಿರುತ್ತವೆ, ವಿಮೆ, ಬ್ಯಾಂಕು, ಹವಾಮಾನ, ಉಪಗ್ರಹ, ಸೇನೆಯ ಗುಪ್ತಲಿಪಿ, ಎಲ್ಲಿ ಬೇಕಾದರೂ ಹೋಗಿ ಎಂದಿದ್ದರು. ಆ ಭಾಷಣ ಸುಳ್ಳಾಗಿರಲಿಲ್ಲ ಅನ್ನುವುದೇ ಬೇಜಾರಿನ ಸಂಗತಿ. ಅವನ ಪಕ್ಕ ಕೂರುತ್ತಿದ್ದ ಬಿಪುಲ್ ಈಗ ಮುಂಬೈಯಲ್ಲಿ ವಿಮಾ ಕಂಪನಿಯೊಂದರಲ್ಲಿ ಯಾವ ವಯಸ್ಸಿನವರು ಯಾವಾಗ ಸಾಯಬಹುದು ಎಂದು ಅಂದಾಜು ಕಟ್ಟಿ ಸುಖವಾಗಿದ್ದಾನೆ. ಸಂಘಮಿತ್ರಾ ಹವಾಮಾನ ಇಲಾಖೆಯಲ್ಲಿದ್ದಾಳೆ. ಮಳೆ ಬರುವುದಿಲ್ಲ ಎಂದ ದಿನ ಮಳೆ ಬಂದರೆ ಅವಳ ತಾಯಿಯೇ ಫೋನು ಮಾಡಿ ಬೈಯುತ್ತಾಳೆ. ಒಬ್ಬ ಪೊಲೀಸ್ ಸಬ್‌ಇನ್ಸ್‌ಪೆಕ್ಟರ್ ಕೂಡ ಆದ. ಬಾಗಿಲುಗಳು ತೆರೆದೇ ಇದ್ದವು. ತಮೋನಾಶ್ ಮಾತ್ರ ಒಂದೇ ಬಾಗಿಲ ಮುಂದೆ ನಿಂತ, ಅದು ತೆರೆಯಲಿಲ್ಲ, ಇವನು ಪಕ್ಕದ ಬಾಗಿಲಿಗೆ ಹೋಗಲಿಲ್ಲ.

ಅವನಿಗೆ ಬೇಕಾಗಿದ್ದು ಕಾಲೇಜಿನ ತರಗತಿ, ಕೈಯಲ್ಲಿ ಒಂದು ಚಾಕ್‌ಪೀಸು. ಆ ಹುಚ್ಚು ಹಿಡಿಸಿದ್ದು ಬಿಪುಲ್‌ನೇ ಎನ್ನಬೇಕು. ಮೊದಲ ಸೆಮಿಸ್ಟರಿನಲ್ಲಿ ಬಿಪುಲ್ ಕಾಮಾಲೆ ಹಿಡಿದು ಎರಡು ತಿಂಗಳು ಮಲಗಿದ. ತಮೋನಾಶ್ ಹಾಸ್ಟೆಲಿನಲ್ಲಿ ಕೂತು ಇಡೀ ಪಾಠವನ್ನು ಅವನಿಗಾಗಿ ಶುದ್ಧ ಪ್ರತಿ ಮಾಡಿ ಬರೆದ. ಮೇಷ್ಟರು ಹೇಳಿದ್ದನ್ನಷ್ಟೇ ಅಲ್ಲ, ಹೇಳದೆ ಬಿಟ್ಟದ್ದನ್ನೂ, ಹಾಸಿಗೆಯಲ್ಲಿ ಮಲಗಿದವನಿಗೂ ತಿಳಿಯುವಂತೆ ಬಿಡಿಸಿ ಬರೆದ. ಹಾಳೆಗಳು ಕಲೆಸಿಹೋಗದಿರಲಿ ಎಂದು ಪ್ರತಿ ಪುಟದ ಮೂಲೆಯಲ್ಲಿ ಪುಟಸಂಖ್ಯೆಯೊಂದಿಗೆ ಇಂಗ್ಲಿಷಿನಲ್ಲಿ ಟಿ.ಜಿ. ಎಂದು ಹಾಕಿದ. ಬಿಪುಲ್ ಅದನ್ನು ಓದಿಯೇ ಪಾಸಾದ. "ನೀನು ಬರೆದಿದ್ದು ಓದಿದ್ರೆ ಕಾಮಾಲೆನೂ ವಾಸಿಯಾಗುತ್ತೆ ಕಣೋ" ಎಂದ. ಅವತ್ತೇ ತಮೋನಾಶ್ ಕೆಟ್ಟ. ಆಮೇಲೆ ಆ ನೋಟ್ಸನ್ನು ಬಿಪುಲ್ ಯಾರಿಗೋ ಕೊಟ್ಟ, ಅವರು ಇನ್ಯಾರಿಗೋ ಕೊಟ್ಟರು, ಕಾಲೇಜು ಬೀದಿಯ ಹಿಂದಿನ ಗಲ್ಲಿಯ ಹೊರೇನನ ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕಾರು ಪ್ರತಿಗಳಾದವು. ಅಷ್ಟರ ಮೇಲೆ ಅದರ ಸುದ್ದಿ ಇವನಿಗೆ ಬರಲಿಲ್ಲ, ಇವನು ಕೇಳಲೂ ಇಲ್ಲ.

ಈಗ ಮೂರು ಕಾಲೇಜುಗಳಲ್ಲಿ ಗಂಟೆಗಿಷ್ಟು ಎಂಬ ಲೆಕ್ಕದಲ್ಲಿ ಪಾಠ, ಸಂಜೆ ಮನೆಯಲ್ಲಿ ಟ್ಯೂಷನ್ ಬ್ಯಾಚು. ಒಂದು ಸಲ ಮನೆಯವರ ಕಾಟ ತಾಳದೆ ಬ್ಯಾಂಕಿನ ಪರೀಕ್ಷೆಗೂ ಕೂತಿದ್ದ. ಗಂಟೆಯೊಳಗೆ ನೂರು ಪ್ರಶ್ನೆ. ಏಳನೇ ಪ್ರಶ್ನೆಗೆ ಎರಡು ಉತ್ತರಗಳೂ ಸರಿಯೇ ಎಂದು ಅವನಿಗೆ ಕಂಡಿತು. ಯಾಕೆ ಎಂದು ಮಾರ್ಜಿನಿನಲ್ಲಿ ಸಾಧಿಸಿ ಮುಗಿಸುವ ಹೊತ್ತಿಗೆ ಗಂಟೆ ಹೊಡೆದಿತ್ತು.

ಸಂದರ್ಶನಗಳದ್ದೂ ಅದೇ ಹಾಡು. ಇದುವರೆಗೆ ಐದು ಆಗಿದ್ದವು. ಮೊದಲನೆಯದರಲ್ಲಿ ತಜ್ಞರು ಒಂದು ಪ್ರಮೇಯಕ್ಕೆ ತಪ್ಪು ಹೆಸರು ಹೇಳಿದರು, ಇವನು ತಿದ್ದಿದ. ಮೂರನೆಯದರಲ್ಲಿ ಪ್ರಶ್ನೆಯೇ ಅಪೂರ್ಣ ಎಂದ. ಐದನೆಯದರಲ್ಲಿ ಒಬ್ಬರು ಬೋರ್ಡಿನ ಮೇಲೆ ಬರೆದದ್ದನ್ನು ಕೇಳದೆಯೇ ಒರೆಸಿ ಸರಿ ಮಾಡಿದ. ಪ್ರತಿ ಸಲವೂ ಇವನು ಹೇಳಿದ್ದೇ ಸರಿಯಾಗಿತ್ತು, ಪ್ರತಿ ಸಲವೂ ಹುದ್ದೆ ಇನ್ನೊಬ್ಬರಿಗೆ ಹೋಯಿತು.

"ನೀನು ಅಲ್ಲಿ ಪರೀಕ್ಷೆ ಎದುರಿಸೋಕೆ ಹೋಗ್ತೀಯೋ, ಅವರನ್ನೇ ಪರೀಕ್ಷೆ ಮಾಡೋಕೆ ಹೋಗ್ತೀಯೋ?" ಎಂದು ಝರ್ನಾ ಕೇಳುತ್ತಿದ್ದಳು. ಅವಳು ಅವನ ಹೆಂಡತಿ, ಶೇವಡಾಫುಲಿಯ ಅಂಚೆ ಕಚೇರಿಯಲ್ಲಿ ಕೌಂಟರಿನ ಕೆಲಸ. ಮನೆ ನಡೆಯುತ್ತಿದ್ದುದು ಅವಳಿಂದ.

ಫಾಲ್ಗುಣದಲ್ಲಿ ತಿತಿರ್ ಬಂದಿದ್ದಳು. ಇವನ ಬ್ಯಾಚಿನಲ್ಲಿ ಮೂರು ವರ್ಷ ಚಾಪೆಯ ಮೇಲೆ ಕೂತು ಕಲಿತ ಹುಡುಗಿ, ಈಗ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮೊದಲ ವರ್ಷ. ಸಂದೇಶ್ ಮಿಠಾಯಿಯ ಪೊಟ್ಟಣ ಕೈಗಿಟ್ಟು ಕಾಲಿಗೆ ನಮಸ್ಕರಿಸಿ, ಒಳ್ಳೆಯ ಅಂಕ ಬಂದಿದೆ ಎಂದಳು.

"ಯಾವ ಪುಸ್ತಕ ಓದಿದೆ?"

"ಪುಸ್ತಕ ಯಾಕೆ ಸಾರ್? ಗೋಸ್ವಾಮಿ ಸಾರ್ ನೋಟ್ಸ್ ಇದ್ಯಲ್ಲ. ಅದನ್ನ ಬಾಯಿಪಾಠ ಹೊಡೆದ್ರೆ ಸಾಕು. ಎಲ್ರೂ ಅದನ್ನೇ ಬರೀತಾರೆ, ಪೂರ್ತಿ ಮಾರ್ಕ್ಸ್ ಬರುತ್ತೆ."

"ಯಾವ ಗೋಸ್ವಾಮಿ? ನಮ್ಮ ಕಾಲದಲ್ಲಿ ಯಾರೂ ಇರ್ಲಿಲ್ವಲ್ಲ."

"ತ್ರಿದಿಬೇಶ್ ಗೋಸ್ವಾಮಿ ಸಾರ್. ತೀರ್ಕೊಂಡ್ರಂತೆ. ದೊಡ್ಡ ವಿದ್ವಾಂಸರಂತೆ ಸಾರ್. ತಂದಿದೀನಿ, ನೋಡ್ತೀರಾ?" ಎಂದು ಚೀಲಕ್ಕೆ ಕೈ ಹಾಕಿದಳು.

"ಬೇಡ," ಎಂದು ತಮೋನಾಶ್ ಗದರಿದ. "ಸತ್ತವರ ನೋಟ್ಸ್ ಬಾಯಿಪಾಠ ಮಾಡೋಕಾ ನಾನು ಮೂರು ವರ್ಷ ನಿಂಗೆ ಪಾಠ ಹೇಳಿದ್ದು? ಪುಸ್ತಕ ಓದು. ಅರ್ಥ ಆಗ್ದಿದ್ರೆ ಬಂದು ಕೇಳು. ಆ ಕಸಾನ ನನ್ನ ಕಣ್ಣಿಗೆ ತೋರಿಸ್ಬೇಡ."

ಹುಡುಗಿ ಮುಖ ಸಣ್ಣಗೆ ಮಾಡಿಕೊಂಡು ಹೋದಳು. ಅವಳು ಹೋದ ಮೇಲೆ ಅವನಿಗೆ ಆ ಗೋಸ್ವಾಮಿಯ ಮೇಲೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಬೇಕು. ಸತ್ತ ಮೇಲೂ ಆ ಮನುಷ್ಯ ನೂರಾರು ಮಕ್ಕಳಿಗೆ ಪಾಠ ಹೇಳುತ್ತಿದ್ದಾನೆ, ತಾನು ಬದುಕಿದ್ದೂ ಎಂಟು ಜನರಿಗೆ ಚಾಪೆ ಹಾಸುತ್ತಿದ್ದೇನೆ ಎಂದು ಒಳಗೊಳಗೇ ಕುದಿದ. ಸಂದೇಶ್ ತಿನ್ನಲೂ ಮನಸ್ಸಾಗಲಿಲ್ಲ. ಅವನ ತಾಯಿ ಎರಡು ತಿಂದಳು.

ಸಂದರ್ಶನದ ಬೆಳಿಗ್ಗೆ ತಾಯಿ ಶುಭವಾಗಲೆಂದು ಹಣೆಗೆ ಮೊಸರಿನ ಬೊಟ್ಟಿಟ್ಟಳು. ನಲವತ್ತರ ಹೊಸ್ತಿಲಲ್ಲಿರುವ ಮಗನಿಗೆ ಮೊಟ್ಟೆ ಮಾತ್ರ ಬಡಿಸಲಿಲ್ಲ, ಪರೀಕ್ಷೆಯ ದಿನ ಮೊಟ್ಟೆ ತಿಂದರೆ ಸೊನ್ನೆ ಬರುತ್ತದೆ. ಸೊನ್ನೆಯ ಬಗ್ಗೆ ತಾಯಿಗೆ ತಿಳಿಹೇಳುವ ಆಸೆಯನ್ನು ಅವನು ಎಂದೋ ಬಿಟ್ಟಿದ್ದ. ಝರ್ನಾ ರಜೆ ಹಾಕಿ ಸ್ಟೇಷನ್ನಿನವರೆಗೂ ಬಂದಳು.

"ನೋಡು," ಎಂದಳು. "ಅವರು ಏನೇ ಅನ್ಲಿ, ಹೌದು ಅನ್ನು."

"ತಪ್ಪು ಹೇಳಿದ್ರೆ?"

"ಆಗ್ಲೂ ಹೌದು ಅನ್ನು. ನಾನು ದಿನಾ ಕೌಂಟರಲ್ಲಿ ಕೂತು ನೂರು ಜನಕ್ಕೆ ಹೌದು ದಾದಾ, ಹೌದು ಮಾಶಿಮಾ ಅಂತೀನಿ. ನನ್ನ ಹಲ್ಲು ಉದುರಿ ಹೋಗಿದ್ಯಾ? ಒಂದೇ ಒಂದು ಸಲ. ಕೆಲಸಕ್ಕೆ ಸೇರಿದ್ಮೇಲೆ ಆಯುಷ್ಯ ಪೂರ್ತಿ ಅಲ್ಲ ಅಲ್ಲ ಅಂತಿರು, ಯಾರು ಬೇಡ ಅಂತಾರೆ?"

"ಹೂಂ."

"ಹೂಂ ಅಲ್ಲ. ನನ್ನ ತಲೆ ಮುಟ್ಟಿ ಹೇಳು."

ಪ್ಲಾಟ್‌ಫಾರ್ಮಿನ ಜನರ ನಡುವೆ ಅವನು ಅವಳ ತಲೆ ಮುಟ್ಟಿದ. ಅವಳ ಕಣ್ಣಲ್ಲಿ ನೀರಿತ್ತು, ಹದಿನೈದು ವರ್ಷದ ಸುಸ್ತೂ ಇತ್ತು. ಈ ಸಲ ಹೌದು ಎಂದೇ ಬಿಡುತ್ತೇನೆ ಎಂದು ಅವನು ನಿಜವಾಗಿಯೂ ನಿರ್ಧರಿಸಿದ.

ಸಂದರ್ಶನದ ಕೋಣೆಯಲ್ಲಿ ಇಬ್ಬರಿದ್ದರು. ಅಧ್ಯಕ್ಷೆ ಬೆಳ್ಳಿಕೂದಲಿನ ಹೆಂಗಸು, ಇತಿಹಾಸದವರು, ಬಿಳಿ ತಾಂತ್ ಸೀರೆ ಉಟ್ಟಿದ್ದರು. ಗಣಿತದ ತಜ್ಞನಾಗಿ ಕೂತಿದ್ದವನು ಅರ್ಕಪ್ರಭ ಸಮದ್ದಾರ್, ಇನ್ನೂ ಮೂವತ್ತನಾಲ್ಕರ ಪ್ರಾಯ, ತಮೋನಾಶನಿಗಿಂತ ಐದು ಬ್ಯಾಚು ಕಿರಿಯ. ಅವನ ಕೆಲಸವೆಲ್ಲ ನದಿಯ ನೀರಿನ ಹರಿವಿನ ಸಮೀಕರಣಗಳ ಮೇಲೆ, ಅದರಲ್ಲಿ ಒಳ್ಳೆಯ ಹೆಸರಿತ್ತು.

"ಇಷ್ಟೆಲ್ಲ ಓದಿದೀರಿ, ಅರ್ಹತಾ ಪರೀಕ್ಷೆ ಎರಡು ಸಲ ಪಾಸು," ಎಂದು ಅಧ್ಯಕ್ಷೆ ಕಾಗದ ತಿರುವಿದರು. "ಇನ್ನೂ ಎಲ್ಲೂ ಕಾಯಂ ಆಗಿಲ್ವಲ್ಲ, ಯಾಕೆ?"

"ಹೌದು ಮೇಡಂ," ಎಂದ ತಮೋನಾಶ್. ಯಾಕೆ ಎಂಬುದಕ್ಕೆ ಅದು ಉತ್ತರವಲ್ಲ ಎಂದು ಹೊಳೆಯುವಷ್ಟರಲ್ಲಿ ಅವರು ತಲೆಯಾಡಿಸಿ ಮುಂದೆ ಹೋಗಿದ್ದರು. ಹೌದಿಗೆ ಇಷ್ಟು ಶಕ್ತಿಯಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಸಮದ್ದಾರ್ ಒಂದು ಹಳೆಯ ಪ್ರಮೇಯ ಕೇಳಿದ. ಎಂಎಸ್ಸಿಯ ಮೊದಲ ತಿಂಗಳಲ್ಲಿ ಬರುವ ಪಾಠ ಅದು. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಎಲ್ಲೂ ತುಂಡಾಗದ ಗೆರೆಯೊಂದಿದೆ. ಅದರ ಪ್ರತಿ ಬಿಂದುವಿಗೂ ತನ್ನದೇ ಆದ ಒಂದು ಸುರಕ್ಷಿತ ಅಂತರವಿದೆ, ಅಷ್ಟರೊಳಗೆ ಅತ್ತಿತ್ತ ಸರಿದರೆ ಅಪಾಯವಿಲ್ಲ. ಎಲ್ಲ ಬಿಂದುಗಳಿಗೂ ಸಾಕಾಗುವ ಒಂದೇ ಅಂತರ ಇದೆ ಎಂದು ತೋರಿಸಬೇಕು. ತಮೋನಾಶನಿಗೆ ಇದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು. ಬೋರ್ಡಿನ ಮೇಲೆ ಅಂದವಾಗಿ ಬರೆಯುತ್ತ ಅರ್ಧದವರೆಗೆ ಬಂದ.

"ಸಾಕು ಸಾಕು," ಎಂದ ಸಮದ್ದಾರ್. "ಪ್ರತಿ ಬಿಂದುವಿಗೂ ಒಂದೊಂದು ಅಂತರ ಸಿಕ್ತಲ್ಲ? ಅದರಲ್ಲೆಲ್ಲ ಅತಿ ಚಿಕ್ಕದನ್ನ ತಗೊಳ್ಳಿ. ಅಲ್ಲಿಗೆ ಮುಗೀತು. ಯಾಕೆ ಎಳೀತೀರಿ?"

ತಮೋನಾಶನ ಕೈ ಬೋರ್ಡಿನ ಮೇಲೆಯೇ ನಿಂತಿತು. ಬಿಂದುಗಳು ಮುಗಿಯದಷ್ಟಿವೆ, ಅಂತರಗಳೂ ಮುಗಿಯದಷ್ಟಿವೆ. ಮುಗಿಯದ ಸಾಲಿನಲ್ಲಿ ಅತಿ ಚಿಕ್ಕದು ಎಂಬುದು ಇರಲೇಬೇಕೆಂದಿಲ್ಲ. ಅರ್ಧ, ಮೂರರಲ್ಲೊಂದು, ನಾಲ್ಕರಲ್ಲೊಂದು, ಐದರಲ್ಲೊಂದು ಎಂದು ಹೋಗುತ್ತ ಇದ್ದರೆ ಯಾವುದು ಕೊನೆಯದು? ಇದನ್ನು ಅವನು ತನ್ನ ಬ್ಯಾಚಿನ ಹುಡುಗರಿಗೆ ಎಷ್ಟು ಸಲ ಹೇಳಿದ್ದನೋ. "ಕೊನೆಯವನನ್ನ ಹಿಡಿ ನೋಡೋಣ" ಎಂದು ಅವರನ್ನು ಸತಾಯಿಸುತ್ತಿದ್ದ. ಮೊದಲು, ಈ ಅಂತರಗಳಲ್ಲಿ ಎಣಿಸಿ ಮುಗಿಸಬಹುದಾದ ಕೆಲವೇ ಸಾಕು, ಅವೇ ಇಡೀ ಗೆರೆಯನ್ನು ಮುಚ್ಚುತ್ತವೆ ಎಂದು ತೋರಿಸಬೇಕು. ಆಮೇಲೆ ಚಿಕ್ಕದನ್ನು ಆರಿಸಬಹುದು. ಆ ಒಂದು ಸಾಲೇ ಪ್ರಮೇಯದ ಜೀವ.

ಅಂಗೈಯಲ್ಲಿ ಝರ್ನಾಳ ತಲೆಯ ಬಿಸುಪು ಇನ್ನೂ ಇತ್ತು.

"ಹೌದು ಸಾರ್," ಎಂದ. ಹೇಳಿ ಚಾಕ್‌ಪೀಸು ಕೆಳಗಿಟ್ಟ.

ಸಮದ್ದಾರನ ಮುಖ ಅರಳಿತು. ಅಧ್ಯಕ್ಷೆ ಪೆನ್ನು ಎತ್ತಿ ಏನೋ ಬರೆದುಕೊಂಡರು. ತಮೋನಾಶನಿಗೆ ಉದ್ಯೋಗ ಸಿಕ್ಕುವಾಗ ಕೋಣೆ ಹೇಗಿರುತ್ತದೆ ಎಂಬುದು ಮೊದಲ ಸಲ ಗೊತ್ತಾಯಿತು. ಎಲ್ಲರೂ ಸ್ವಲ್ಪ ಹಿಂದಕ್ಕೆ ಒರಗಿ ಕೂರುತ್ತಾರೆ.

ಅಲ್ಲಿಗೆ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸಮದ್ದಾರನಿಗೆ ಖುಷಿಯಾಗಿತ್ತು, ಖುಷಿಯಾದ ಮೇಷ್ಟರು ಕೂತಲ್ಲಿ ಕೂರುವುದಿಲ್ಲ. ಎದ್ದು ಬಂದು ಚಾಕ್‌ಪೀಸು ತೆಗೆದುಕೊಂಡ. "ಮೇಡಂ, ಇದರ ಸೊಗಸು ನೋಡಿ. ನಾಲ್ಕೇ ಸಾಲು. ತ್ರಿದಿಬೇಶ್ ಗೋಸ್ವಾಮಿ ಸಾರ್ ಅವರ ನೋಟ್ಸಲ್ಲಿರೋದು. ನಾನು ಅವರನ್ನ ನೋಡಿದವನಲ್ಲ, ಆದ್ರೂ ನನ್ನ ಗುರು ಅವರೇ. ಈಗ ನಾನೂ ಮಕ್ಕಳಿಗೆ ಇದನ್ನೇ ಕಲಿಸ್ತೀನಿ. ಹೊರೇನನ ಅಂಗಡೀಲಿ ಇವತ್ತಿಗೂ ಸಿಗುತ್ತೆ." ಹೇಳುತ್ತ ನಾಲ್ಕು ಸಾಲು ಬರೆದ. ಬರೆದು, ಮೂರನೇ ಸಾಲಿನ ಬಲಕ್ಕೆ ಬಹಳ ಭಕ್ತಿಯಿಂದ ಒಂದು ಓರೆಯಾದ ಮೊಟ್ಟೆಯಾಕಾರ ಬಿಡಿಸಿ, ಅದರೊಳಗೆ ನಾಲ್ಕೈದು ಬಾಗಿದ ಗೆರೆ ಎಳೆದ. "ಈ ಚಿತ್ರ ಬಹಳ ಮುಖ್ಯ. ಬಿಂದುವಿನ ನೆರೆಹೊರೆ ಅನ್ನೋದನ್ನ ಸಾರ್ ಹೀಗೆ ತೋರಿಸ್ತಾರೆ. ಚಿತ್ರ ಬರೀದೆ ಇದ್ರೆ ನಾನು ಎರಡು ಮಾರ್ಕು ಕಳೀತೀನಿ."

ತಮೋನಾಶ್ ಆ ಮೊಟ್ಟೆಯನ್ನೇ ನೋಡಿದ. ನಾಲ್ಕೂ ಸಾಲುಗಳನ್ನು ನೋಡಿದ. "ಈಗ ಗಮನವಿಟ್ಟು ಓದು" ಎಂದು ಮೊದಲ ಸಾಲು ಶುರುವಾಗುತ್ತಿತ್ತು. ಯಾವ ಪುಸ್ತಕವೂ ಹಾಗೆ ಶುರು ಮಾಡುವುದಿಲ್ಲ. ಕಾಮಾಲೆ ಹಿಡಿದು ಮಲಗಿದ ಗೆಳೆಯನಿಗೆ ಹಾಗೆ ಬರೆಯುತ್ತಾರೆ.

ಹದಿನೇಳು ವರ್ಷದ ಹಿಂದಿನ ಶ್ರಾವಣದ ಒಂದು ಮಧ್ಯಾಹ್ನ, ಹೊರಗೆ ಧೋ ಎಂದು ಮಳೆ. ಎರಡನೇ ಸಾಲು ಬರೆದು ಮುಗಿಸಿದ್ದ, ಹಾಸ್ಟೆಲಿನ ಊಟದ ಗಂಟೆ ಹೊಡೆಯಿತು. ಅವತ್ತು ಇಲಿಶ್ ಮೀನು. ತಡವಾದರೆ ಬಾಲದ ತುಂಡೇ ಗತಿ, ಬರೀ ಮುಳ್ಳು. ಪೆನ್ನು ಹಾಗೇ ಬಿಟ್ಟು ಓಡಿದ. ಸಾಸಿವೆಯ ಗೊಜ್ಜಿನಲ್ಲಿ ಮಿಂದ ಹೊಟ್ಟೆಯ ತುಂಡೇ ಸಿಕ್ಕಿತು. ತಿಂದು, ಕೈ ತೊಳೆದು, ತೃಪ್ತಿಯಿಂದ ತೇಗುತ್ತ ಬಂದು ಕೂತ. ಇಲಿಶ್‌ನ ಎಣ್ಣೆ ಒಂದು ತೊಳೆತಕ್ಕೆ ಬಿಡುವಂಥದ್ದಲ್ಲ, ಹಾಳೆ ಒತ್ತಿ ಹಿಡಿದ ಕಡೆ ಹೆಬ್ಬೆರಳು ಹಳದಿಯಾಗಿ ಮೂಡಿತು. ಹಾಳೆ ಬದಲಿಸಲು ಸೋಮಾರಿತನ. ಮುಂದಿನ ಸಾಲು ಬರೆದ. ಮನಸ್ಸಿನಲ್ಲಿ ಆಗಲೇ ಬರೆದಿದ್ದ ಒಂದು ಸಾಲು, ಕೆಲವೇ ಸಾಕು ಎಂಬ ಸಾಲು, ಕಾಗದದ ಮೇಲೆ ಬಂದಿದೆ ಎಂದೇ ತಿಳಿದ.

ಪುಟ ಮೂವತ್ತೊಂದು.

ತಪ್ಪು ಬೇರೆ ಯಾರದ್ದಾದರೂ ಆಗಿದ್ದರೆ ಅವನು ನುಂಗಿಕೊಳ್ಳುತ್ತಿದ್ದ, ಒಂದು ಸಲ ಆಗಲೇ ನುಂಗಿಯೂ ಆಗಿತ್ತು. ಇದು ತನ್ನದು. ಹದಿನೇಳು ವರ್ಷದಿಂದ ಮಕ್ಕಳು ತನ್ನ ತಪ್ಪನ್ನು ಬಾಯಿಪಾಠ ಮಾಡುತ್ತಿದ್ದಾರೆ, ತನ್ನ ತಿತಿರ್ ಕೂಡ ಮಾಡಿದ್ದಾಳೆ, ಅದಕ್ಕೆ ಪೂರ್ತಿ ಅಂಕ ಬರುತ್ತಿದೆ. ತಮೋನಾಶನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಝರ್ನಾಳ ತಲೆ, ತಾಯಿಯ ಮೊಸರು, ಆಷಾಢ, ಎಲ್ಲ ಒಂದು ಕ್ಷಣ ಎಲ್ಲಿಗೋ ಹೋದವು.

"ಸಾರ್, ಅದು ಚಿತ್ರ ಅಲ್ಲ," ಎಂದ.

"ಏನು?"

"ಅದು ನನ್ನ ಹೆಬ್ಬೆರಳು."

ಅಧ್ಯಕ್ಷೆ ಕನ್ನಡಕ ತೆಗೆದರು. ಸಮದ್ದಾರ್ ತಾನು ಬಿಡಿಸಿದ ಮೊಟ್ಟೆಯನ್ನೂ ಇವನ ಮುಖವನ್ನೂ ನೋಡಿದ.

"ಆ ನೋಟ್ಸ್ ನಂದು ಸಾರ್. ಪುಟದ ಮೂಲೇಲಿ ಟಿ.ಜಿ. ಅಂತ ಇದ್ಯಲ್ಲ, ನಾನೇ ಅದು, ತಮೋನಾಶ್ ಗೊರಾಯಿ. ಎರಡನೇ ಸಾಲು ಮೂರನೇ ಸಾಲಿನ ಮಧ್ಯೆ ಒಂದು ಸಾಲು ಬಿಟ್ಟುಹೋಗಿದೆ. ಅದಿಲ್ದೆ ಅತಿ ಚಿಕ್ಕದು ಸಿಗಲ್ಲ. ಆಗ್ಲೇ ಹೌದು ಅಂದೆ, ಅದು ಸುಳ್ಳು. ಊಟಕ್ಕೆ ಎದ್ದು ಹೋಗಿದ್ದೆ ಸಾರ್. ಅವತ್ತು ಇಲಿಶ್ ಇತ್ತು."

"ಸಾಸಿವೇದಾ?" ಎಂದು ಅಧ್ಯಕ್ಷೆ ಬಾಯಿತಪ್ಪಿ ಕೇಳಿದರು.

"ಹೌದು ಮೇಡಂ, ಸಾಸಿವೇದು."

ಸಮದ್ದಾರನಿಗೆ ನಗು ಬರಲಿಲ್ಲ. "ನೋಡಿ ಗೊರಾಯಿ ಬಾಬು," ಎಂದು ತಣ್ಣಗೆ ಶುರು ಮಾಡಿದ. "ಗೋಸ್ವಾಮಿ ಸಾರ್ ತೀರ್ಕೊಂಡಿದಾರೆ. ಸತ್ತವರ ಕೃತಿನ ತನ್ನದು ಅನ್ನೋಕೆ ಧೈರ್ಯ ಬೇಕು, ಒಪ್ತೀನಿ. ಅದರ ಮೇಲೆ ಅದರಲ್ಲಿ ತಪ್ಪು ಬೇರೆ ಹುಡುಕ್ತಿದೀರಿ. ಇಷ್ಟು ವರ್ಷದಲ್ಲಿ ಸಾವಿರಾರು ಮಕ್ಕಳು ಬರೆದಿದಾರೆ, ಹತ್ತಾರು ಪ್ರೊಫೆಸರುಗಳು ತಿದ್ದಿದಾರೆ, ಯಾರಿಗೂ ಕಾಣ್ದೆ ಇದ್ದಿದ್ದು ನಿಮಗೊಬ್ಬರಿಗೆ ಕಾಣ್ತಾ?"

"ನೀವೇ ಒಂದು ಸಲ ನೋಡಿ ಸಾರ್. ಅರ್ಧ, ಮೂರರಲ್ಲೊಂದು, ನಾಲ್ಕರಲ್ಲೊಂದು. ಇದರಲ್ಲಿ ಕೊನೆಯವನನ್ನ ಹಿಡೀರಿ."

ಸಮದ್ದಾರ್ ನೋಡಿದ. ಒಂದು ಗಳಿಗೆ, ಒಂದೇ ಗಳಿಗೆ, ಅವನ ಕಣ್ಣು ಎರಡನೇ ಸಾಲಿನ ಕೊನೆಯಲ್ಲಿ ನಿಂತಿತು. ಅವನಿಗೆ ಕಂಡಿತು ಎಂದು ತಮೋನಾಶ್ ಇವತ್ತಿಗೂ ಆಣೆಯಿಟ್ಟು ಹೇಳುತ್ತಾನೆ. ಆಮೇಲೆ ಸಮದ್ದಾರ್ ಡಸ್ಟರ್ ತೆಗೆದುಕೊಂಡು ಇಡೀ ಬೋರ್ಡನ್ನು ಒರೆಸಿದ. ಅಧ್ಯಕ್ಷೆ ಫೈಲು ಮುಚ್ಚಿದರು. "ತಿಳಿಸ್ತೀವಿ," ಎಂದರು. ಇದು ಆರನೇ ತಿಳಿಸ್ತೀವಿ.

ಅವನು ನೆಟ್ಟಗೆ ಹೊರೇನನ ಗಲ್ಲಿಗೆ ಹೋದ. ಹೊರೇನ್ ಮುದಿಯಾಗಿದ್ದ, ಯಂತ್ರ ಮಾತ್ರ ಹೊಸದು. ಅಂಗಡಿಯ ಮುಂದೆ ಏಳೆಂಟು ವಿದ್ಯಾರ್ಥಿಗಳು ನಿಂತಿದ್ದರು.

"ಗೋಸ್ವಾಮಿ ಸಾರ್ ನೋಟ್ಸ್ ಇದ್ಯಾ?"

"ಒಳ್ಳೇ ಹೊತ್ತಿಗೆ ಬಂದ್ರಿ ದಾದಾ. ಅರವತ್ತು ಪ್ರತಿ ಆರ್ಡರ್ ಇದೆ, ಅದನ್ನೇ ಹಾಕ್ತಿದೀನಿ. ಮಗಳಿಗಾ?"

"ಮೂಲ ಪ್ರತಿ ತೋರಿಸಿ. ಪುಟ ಮೂವತ್ತೊಂದು."

ಹೊರೇನ್ ಹಾಳೆ ಎತ್ತಿ ಕೊಟ್ಟ. ಅದು ಪ್ರತಿಯ ಪ್ರತಿಯ ಪ್ರತಿ, ಆದರೂ ಅಕ್ಷರ ಅವನದ್ದೇ, ಇಪ್ಪತ್ತೆರಡರ ಪ್ರಾಯದ ದುಂಡು ಅಕ್ಷರ. ಮೂಲೆಯಲ್ಲಿ ಟಿ.ಜಿ. ಹೆಬ್ಬೆರಳಿನ ಸುತ್ತ ಯಾರೋ ಕಪ್ಪು ಪೆನ್ನಿನಿಂದ ಅಂಚುಗೆರೆ ಎಳೆದಿದ್ದರು.

"ಇದನ್ನ ಯಾರು ತಿದ್ದಿದ್ದು?"

"ನಾನೇ. ಜೆರಾಕ್ಸ್ ಆಗ್ತಾ ಆಗ್ತಾ ಚಿತ್ರ ಮಾಸಿ ಹೋಯ್ತು. ಚಿತ್ರ ಬಂದಿಲ್ಲ ಅಂತ ಮಕ್ಕಳು ಜಗಳಕ್ಕೇ ನಿಂತ್ರು. ಒಳಗಡೆ ಗೆರೆನೂ ನಂದೇ."

"ಈ ತ್ರಿದಿಬೇಶ್ ಗೋಸ್ವಾಮಿ ಯಾರು?"

ಹೊರೇನ್ ಅತ್ತಿತ್ತ ನೋಡಿ ದನಿ ಇಳಿಸಿದ. "ಹುಡುಗರಿಗೆ ಹೇಳ್ಬೇಡಿ. ಬರೀ ಟಿ.ಜಿ. ಅಂತಿತ್ತು. ಯಾರು ಯಾರು ಅಂತ ದಿನಾ ಪ್ರಾಣ ತಿಂತಿದ್ರು. ನಮ್ಮ ಮಾವನ ಹೆಸರು ಹೇಳ್ಬಿಟ್ಟೆ. ಹೋಮಿಯೋಪತಿ ಡಾಕ್ಟರು, ಪಾಪ, ಒಳ್ಳೇ ಮನುಷ್ಯ. ಅವರು ತೀರ್ಕೊಂಡ ಮೇಲಂತೂ ಇದಕ್ಕೆ ಗಿರಾಕಿ ಇನ್ನೂ ಜಾಸ್ತಿ."

ತಮೋನಾಶನಿಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಕಿಸೆಯಿಂದ ಪೆನ್ನು ತೆಗೆದ. ಎರಡನೇ ಮತ್ತು ಮೂರನೇ ಸಾಲಿನ ಮಧ್ಯೆ ಸಣ್ಣ ಅಕ್ಷರದಲ್ಲಿ ಬರೆದ: ಈ ಅಂತರಗಳಲ್ಲಿ ಎಣಿಸಿ ಮುಗಿಸಬಹುದಾದ ಕೆಲವೇ ಸಾಕು, ಅವೇ ಇಡೀ ಗೆರೆಯನ್ನು ಮುಚ್ಚುತ್ತವೆ. ಬರೆದು ನೋಡಿದ. ಹದಿನೇಳು ವರ್ಷದಿಂದ ಆ ಸಾಲು ಅಲ್ಲೇ ಇತ್ತೇನೋ ಅನ್ನುವ ಹಾಗೆ ಕೂತಿತ್ತು. ಬೆಳಗಿನಿಂದ ಮೊದಲ ಸಲ ಅವನಿಗೆ ಉಸಿರು ಸಲೀಸಾಯಿತು. ಹುದ್ದೆ ಹೋದರೆ ಹೋಗಲಿ, ಝರ್ನಾ ಬೈದರೆ ಬೈಯಲಿ, ಇನ್ನು ಮುಂದಿನ ಮಕ್ಕಳಾದರೂ ಸರಿಯಾದದ್ದನ್ನು ಬಾಯಿಪಾಠ ಮಾಡುತ್ತಾರೆ.

"ಅಯ್ಯಯ್ಯೋ! ಏನ್ರೀ ಮಾಡಿದ್ರಿ ಮೂಲದ ಮೇಲೆ!" ಹೊರೇನ್ ಹಾಳೆ ಕಿತ್ತುಕೊಂಡ.

"ನಾನೇ ಬರೆದಿದ್ದು ಅದು. ಬಿಟ್ಟುಹೋಗಿತ್ತು. ಅಕ್ಷರ ನೋಡಿ ಬೇಕಾದ್ರೆ."

ಹೊರೇನ್ ಹಾಳೆಯನ್ನು ಬೆಳಕಿಗೆ ಹಿಡಿದು, ಮೇಲಿನ ಸಾಲನ್ನೂ ಹೊಸ ಸಾಲನ್ನೂ ಕೆಳಗಿನ ಸಾಲನ್ನೂ ನೋಡಿದ. ಬಹಳ ಹೊತ್ತು ನೋಡಿದ. "ಅಕ್ಷರ ಅದೇ ಥರ ಇದೆ, ಸುಳ್ಳಲ್ಲ," ಎಂದ. ತಮೋನಾಶ್ ಮುಂದಕ್ಕೆ ಬಾಗಿದ. "ಬಹಳ ಚೆನ್ನಾಗಿ ನಕಲು ಮಾಡ್ತೀರಿ ದಾದಾ. ಆದ್ರೆ ನಂದು ವ್ಯಾಪಾರ. ಗೋಸ್ವಾಮಿ ಸಾರ್ ನೋಟ್ಸಲ್ಲಿ ಒಂದು ಸಾಲು ಹೆಚ್ಚಿಗೆ ಕಂಡ್ರೆ ನಾಳೆ ಮಕ್ಕಳು ಅಂಗಡಿಗೆ ಬೀಗ ಹಾಕಿಸ್ತಾರೆ."

ಡ್ರಾಯರಿನಿಂದ ಬಿಳಿ ಬಣ್ಣದ ಬಾಟಲಿ ತೆಗೆದು, ಸಣ್ಣ ಕುಂಚದಿಂದ ಹೊಸ ಸಾಲಿನ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಬಳಿದ. ಬಾಯಿಂದ ಊದಿ ಒಣಗಿಸಿದ. ಹಾಳೆಯನ್ನು ಗಾಜಿನ ಮೇಲಿಟ್ಟು ಮುಚ್ಚಳ ಮುಚ್ಚಿ ಗುಂಡಿ ಒತ್ತಿದ.

ತಮೋನಾಶ್ ನಿಂತು ನೋಡಿದ. ಬೆಳಕು ಅತ್ತಿಂದಿತ್ತ ಓಡಿತು, ಹಾಳೆಗಳು ಬಿಸಿಬಿಸಿಯಾಗಿ ಒಂದರ ಮೇಲೊಂದು ಬಂದು ಬಿದ್ದವು. ಅರವತ್ತರಲ್ಲೂ ಹೆಬ್ಬೆರಳು ಸ್ಪಷ್ಟವಾಗಿ ಮೂಡಿತ್ತು. ಸಾಲು ಇರಲಿಲ್ಲ.